ಕುಂಡದ ನಂಬರು

ಚೆಶೈರಿನಿಂದ ಬಂದ ಥ್ಯಾಕ್ರೆ ಚಹಾ ಬೇಡವೆಂದರು.
ನೇರ ಷೆಡ್ಡಿಗೆ ಹೋಗಿ ನೆಲಕ್ಕೆ ಮಂಡಿಯೂರಿದರು,
ಚರ್ಚಿನಲ್ಲೂ ಈಗ ಯಾರೂ ಹಾಗೆ ಊರುವುದಿಲ್ಲ.
ಹ್ಯಾಂಡಲ್ಲಿನ ಕತ್ತಿನ ಬಳಿ ಟಾರ್ಚು ಹಿಡಿದು
ಫ್ರೇಮಿನ ಅಂಕಿಗಳನ್ನು ಬಾಯಿಬಿಟ್ಟು ಓದಿದರು.
ಆಮೇಲೆ ಎಂಜಿನ್ನಿನದು.
ಆಮೇಲೆ ಮತ್ತೆ ಫ್ರೇಮಿನದು.
ಎದ್ದರು,
ನಾಡಿ ಸಿಗದ ವೈದ್ಯರ ಮುಖ ಮಾಡಿಕೊಂಡು.

ಹೌದು, ಹೊಂದುವುದಿಲ್ಲ.
ಚಹಾ ಕುಡಿದಿದ್ದರೆ ನಾನೇ ಹೇಳುತ್ತಿದ್ದೆ.
ಅರವತ್ತೇಳರ ಟ್ರಯಂಫ್. ಕಾರ್ಖಾನೆಯಲ್ಲಿ
ಎಲುಬಿಗೂ ಎದೆಗೂ ಒಂದೇ ಸಂಖ್ಯೆ
ಒಂದೇ ಸುತ್ತಿಗೆಯಲ್ಲಿ ಹೊಡೆದು ಕಳಿಸಿದ್ದರು.
ಎಂಬತ್ತಮೂರರ ಮೇ, ಲಾನ್‌ಬೆರಿಸ್ ಕಣಿವೆಯ ಏರು,
ಹಿಂದೆ ಕೂತವಳು ನಾನು, ಮಡಿಲಲ್ಲಿ ಆರು ಮೊಟ್ಟೆ.
ಕನೆಕ್ಟಿಂಗ್ ರಾಡು ಎಂಜಿನ್ನಿನ ಗೋಡೆ ಒಡೆದು
ಹೊರಗೆ ಇಣುಕಿತು.
ಬಿಸಿ ಎಣ್ಣೆ ನನ್ನ ಎಡ ಬೂಟಿನ ತುಂಬ.
ಮೊಟ್ಟೆ ಒಂದೂ ಒಡೆಯಲಿಲ್ಲ.
ಇದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇಯೋಲೊಗೆ ಸ್ಲೇಟುಗಣಿಯ ಪಾಳಿ ಬೆಳಗಿನ ಆರಕ್ಕೆ,
ಮೊದಲ ಬಸ್ಸು ಎಂಟಕ್ಕೆ.
ಅಸಲು ಎಂಬ ಮಾತಿಗೆ ಆ ವಾರ
ನಮ್ಮ ಮನೆಯಲ್ಲಿ ಕೂರಲು ಜಾಗವಿರಲಿಲ್ಲ.
ಲಿವರ್‌ಪೂಲಿನಲ್ಲಿ ಪೊಲೀಸರ ಬೈಕೊಂದು
ಹಾಲಿನ ಗಾಡಿಗೆ ಗುದ್ದಿ ಗುಜರಿ ಸೇರಿತ್ತು;
ಅದರ ಎಂಜಿನ್ನು ನಲವತ್ತು ಪೌಂಡು,
ಎರಡಿದ್ದಲ್ಲಿ ಒಂದೇ ಕಾರ್ಬುರೇಟರು,
ಕುಡಿಯುವುದೂ ಕಡಿಮೆ, ಕೂಗುವುದೂ ಕಡಿಮೆ.
ಹಿಂದಿನ ಬೋಲ್ಟಿಗೆ ಅವನ ಕೈ ಹಿಡಿಸಲಿಲ್ಲ,
ನಾನು ಬಿಗಿದೆ.
ಲಾಗ್‌ಬುಕ್ಕು ಸ್ವಾನ್ಸಿಯ ಕಚೇರಿಗೆ ಅಂಚೆಯಲ್ಲಿ ಹೋಗಿ
ಹೊಸ ನಂಬರು ಹೊತ್ತು ಮೂರು ವಾರಕ್ಕೆ ಬಂತು.
ಸರ್ಕಾರಕ್ಕೆ ಬೇಸರವೇನೂ ಇರಲಿಲ್ಲ.

"ಕಾಗದ ಚೊಕ್ಕ ಇದೆ," ಎಂದರು ಥ್ಯಾಕ್ರೆ,
"ಕಾಯ್ದೆಗೆ ಅಷ್ಟು ಸಾಕು. ಕೊಳ್ಳುವವನಿಗೆ ಸಾಲದು.
ಎರಡೂ ಒಂದೇ ಇದ್ದಿದ್ದರೆ ಒಂಬತ್ತು ಸಾವಿರ.
ಇದಕ್ಕೆ ನಾಲ್ಕು."

ಅಡುಗೆಮನೆಯಲ್ಲಿ ಸೋದರಳಿಯ ಗೆಥಿನ್ ಪಿಸುಗುಟ್ಟಿದ:
"ಅತ್ತೆ, ಅಂಕಿಯ ಅಚ್ಚು ನನ್ನ ಹತ್ತಿರ ಇದೆ.
ಹಳೆಯದನ್ನು ಉಜ್ಜಿ, ಹೊಸದನ್ನು ಕುಟ್ಟಿದರೆ
ಹತ್ತೇ ನಿಮಿಷ."
ಬ್ರೆಡ್ಡಿನ ಚಾಕು ನನ್ನ ಕೈಯಲ್ಲಿತ್ತು.
ನಲವತ್ತು ವರ್ಷ ಹೊತ್ತು ತಿರುಗಿದ್ದರ
ಹೆಸರು ಉಜ್ಜಬೇಕೇನೋ, ಎಂದೆ.
ಅವನು ಬ್ರೆಡ್ಡು ತೆಗೆದುಕೊಂಡು ಹೊರಗೆ ಹೋದ.

ಥ್ಯಾಕ್ರೆ ಹೊರಟರು. ಗೇಟಿನ ಹತ್ತಿರ ನಿಂತರು.
ನಿಂತೇ ಇದ್ದರು.
ಪುದೀನದ ಎಲೆಗಳನ್ನು ಎರಡು ಬೆರಳಲ್ಲಿ ಸರಿಸಿ
ಹಾಡಹಗಲಲ್ಲಿ ಮತ್ತೆ ಟಾರ್ಚು ಹಾಕಿದರು.
"ಇದು...
ಇದರಲ್ಲಿ ಗಿಡ ನೆಟ್ಟಿದ್ದೀರಿ!"
ನೆಟ್ಟಿದ್ದೇನೆ. ಮೇಲೆ ಬಾಯಿ ಅಗಲ,
ಪಕ್ಕದಲ್ಲಿ ರಾಡು ಮಾಡಿದ ತೂತು, ನೀರು ನಿಲ್ಲುವುದಿಲ್ಲ.
ಇದಕ್ಕಿಂತ ಒಳ್ಳೆಯ ಕುಂಡ ಈ ಬೀದಿಯಲ್ಲಿಲ್ಲ.
"ವೆಲ್ಡ್ ಆಗುತ್ತದೆ," ಎಂದರು, ಧ್ವನಿ ಸಣ್ಣದಾಗಿತ್ತು,
"ಇದೂ ಸೇರಿದರೆ ಎಂಟು."

ಓಡುವುದಕ್ಕೆ ನಾಲ್ಕು, ಒಡೆದದ್ದಕ್ಕೆ ನಾಲ್ಕು.
ಇದ್ದರೂ ಸಾವಿರ ಸತ್ತರೂ ಸಾವಿರ ಎನ್ನುವುದು
ಆನೆಗೆ ಮಾತ್ರ ಎಂದುಕೊಂಡಿದ್ದೆ.
ಮತ್ತೆ ಪೊಲೀಸರದ್ದು? ಎಂದು ಕೇಳಿದೆ.
"ಅದು ನನಗೇಕೆ? ಬಿಚ್ಚಿ ಇಟ್ಟುಕೊಳ್ಳಿ."
ಕಿಟಕಿಯೊಳಗಿಂದ ಇಯೋಲೊ ಕೂಗಿದ,
ಈಗ ಕಿಕ್ಕು ಹೊಡೆಯಲು ಅವನ ಮಂಡಿ ಒಪ್ಪುವುದಿಲ್ಲ,
ಗಂಟಲು ಮಾತ್ರ ಹಾಗೇ ಇದೆ:
"ಬೇರು ಜೋಪಾನ, ಗ್ಲೆನಿಸ್!"

ಚಮಚದಿಂದ ಸುತ್ತ ಬಿಡಿಸಿದೆ.
ಬೇರು ಇಡಿಯಾಗಿ ಎದ್ದು ಬಂತು, ಕೇಸಿನ ಆಕಾರದಲ್ಲೇ,
ತೂತಿದ್ದಲ್ಲಿ ಒಂದು ಸಣ್ಣ ಗೂನು.
ಎಣ್ಣೆಯ ವಾಸನೆ ಬಂತೆಂದರೆ ಸುಳ್ಳಾದೀತು;
ಪುದೀನ, ಮಣ್ಣು, ಅಷ್ಟೇ.
ಸ್ವಾನ್ಸಿಗೆ ಮತ್ತೊಂದು ಕಾಗದ ಅವರೇ ಬರೆಯುತ್ತಾರಂತೆ.

ಈಗ ಪುದೀನ ಬಕೆಟ್ಟಿನಲ್ಲಿದೆ.
ಪೊಲೀಸರ ಎಂಜಿನ್ನು ಗೇಟಿನ ಬಳಿ ಕೂತಿದೆ.
ತಿರುಗಿಸಿ ಮುರುಗಿಸಿ ನೋಡಿದೆ,
ಹಾಳಾದ್ದಕ್ಕೆ ಎಲ್ಲೂ ತೂತಿಲ್ಲ.